ಕ್ಯಾಪ್ಸೂಲಿನೊಳಗಿನ ಬುರುಡೆ

ಪಿಸ್ತೂಲಿನ ಮೂತಿ ನನ್ನ ಕಿವಿಯ ಹಿಂದೆ ತಣ್ಣಗೆ ಕೂತಿತ್ತು.

"ಜೇಬು ಖಾಲಿ ಮಾಡು!"

ಮಾಡಿದೆ. ಕರ್ಚೀಫು, ಬೈಕಿನ ಕೀ, ಒಂದು ಕ್ಯಾಪ್ಸೂಲ್.

"ಏನಿದು, ಮಾತ್ರೆನಾ?"

"ಹುಷಾರು ಕಣಪ್ಪಾ... ಅದರೊಳಗೆ ನಿಮ್ಮಜ್ಜ ಇದ್ದಾನೆ."

ಕಪಾಳಕ್ಕೆ ಬಿತ್ತು. ಆದರೆ ನಾನು ಹೇಳಿದ್ದರಲ್ಲಿ ಹೆಚ್ಚು ಸುಳ್ಳೇನಿರಲಿಲ್ಲ!

ಕ್ಯಾಪ್ಸೂಲಿನೊಳಗೆ ಹತ್ತಿ. ಹತ್ತಿಯ ಮೇಲೆ ಕಿರುಬೆರಳಿನ ಉಗುರಿನಷ್ಟು ತಲೆಬುರುಡೆ. ಇಪ್ಪತ್ತು ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಕಾಲುಗಳ ಸಂದಿಯಲ್ಲಿ ಹುಳ ಹಿಡಿದು ತಿನ್ನುತ್ತಿದ್ದ ಪ್ರಾಣಿ. ಸಸ್ತನಿಗಳ ಹಳೇ ದಾಯಾದಿ. ಅಜ್ಜನಲ್ಲದಿದ್ದರೂ ಅಜ್ಜನ ತಮ್ಮ ಅನ್ನಿ.

ಅದನ್ನು ಕಲ್ಲಿನಿಂದ ಬಿಡಿಸಿದವಳು ನನ್ನೆದುರಿಗೇ ಇದ್ದಳು. ಕುರ್ಚಿಗೆ ಕಟ್ಟಿಹಾಕಿದ್ದರು. ಮ್ಯೂಸಿಯಮ್ಮಿನ ಕೆಲಸಗಾರ್ತಿ. ಒಂದು ಕಾಲಕ್ಕೆ ನನ್ನ ಹೆಂಡತಿ.

ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ಕಸುಬು. ನನ್ನದೊಂದನ್ನು ಬಿಟ್ಟು!

ಆ ಬುರುಡೆಗಾಗಿ ಅವಳು ಸೂಜಿ ಹಿಡಿದು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ವರ್ಷಗಟ್ಟಲೆ ಕೂತಳು. ನಾನು ಬಾಗಿಲಲ್ಲಿ ನಿಂತು ಕೂಗಾಡಿದೆ.

"ಇಂಥವುಗಳ ದವಡೆಯ ಮೂಳೆಗಳೇ ಮುಂದೆ ನಮ್ಮ ಕಿವಿಗೆ ಬಂದವು ಕಣ್ರೀ," ಅಂದಿದ್ದಳು ಒಮ್ಮೆ. "ನಿಮಗೆ ಮಾತ್ರ ಇನ್ನೂ ದವಡೇಲೇ ಇವೆ!"

ಬೆಳಿಗ್ಗೆ ಫೋನಿನಲ್ಲಿ ಅವಳದೇ ದನಿ.

"ನನ್ನ ಹಿಡಿದಿಟ್ಟಿದ್ದಾರೆ. ಬುರುಡೆ ಬೇಕಂತೆ. ಮ್ಯೂಸಿಯಮ್ಮಲ್ಲಿ ನನ್ನ ರೂಮಿನ ಕಿಟಕಿ ಪಕ್ಕದ ಡಬ್ಬೀಲಿರೋದನ್ನ ತನ್ನಿ. ಅದನ್ನೇ ತನ್ನಿ, ರೀ..."

ಕಿಟಕಿ ಪಕ್ಕದ ಡಬ್ಬಿಯಲ್ಲಿದ್ದದ್ದು ಈಗಿನ ಕಾಲದ ಸುಂಡಿಲಿಯ ಬುರುಡೆ. ಹೋಲಿಸಿ ನೋಡಲು ಇಟ್ಟುಕೊಂಡದ್ದು. ನಕಲಿ ಅಂತ ಅವರಿಗೆ ಗೊತ್ತಾದರೆ ಅವಳ ಗತಿ? ಕಪಾಟಿನ ಬೀಗ ಒಡೆದೆ... ಅಸಲಿಯನ್ನೇ ತಂದೆ!

ಮ್ಯೂಸಿಯಮ್ಮಿನ ಗಾರ್ಡುಗಳ ಜೀಪು ಬೆನ್ನು ಹತ್ತಿತು. ಓಣಿಗೆ ನುಗ್ಗಿದೆ, ಗೋಡೆ ಹಾರಿದೆ. ತಪ್ಪಿಸಿಕೊಂಡು, ಅವರು ಹೇಳಿದ್ದ ಈ ಕಲ್ಲು ಕೊಯ್ಯುವ ಶೆಡ್ಡಿಗೆ ಬಂದೆ. ಇಲ್ಲಿ ಈ ಪಿಸ್ತೂಲು.

ಪಾಲಿಶ್ ಒಳಗೆ ಬಂದ. ಕದ್ದ ಮಾಲಿನ ಬ್ರೋಕರ್. ಅಷ್ಟು ಧೂಳಿನಲ್ಲೂ ಅವನ ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದಕ್ಕೇ ಆ ಹೆಸರು.

ಅವಳ ಕೈ ಬಿಚ್ಚಿಸಿ ಲೆನ್ಸ್ ಕೊಟ್ಟ.

"ನೋಡಿ ಹೇಳಮ್ಮಾ. ಅಸಲಿಯಾದ್ರೆ ಇಬ್ರೂ ಮನೆಗೆ. ಅಲ್ಲದಿದ್ರೆ..."

ಅವಳು ಬಗ್ಗಿ ನೋಡಿದಳು. ಮುಖ ಸುಣ್ಣದಂತಾಯಿತು. ನಿಧಾನಕ್ಕೆ ನನ್ನ ಕಡೆ ತಿರುಗಿದಳು.

ದೂರದಲ್ಲಿ ಜೀಪಿನ ಹಾರನ್. ಅವಳಿಗೂ ಕೇಳಿಸಿತು.

"ಸುಂಡಿಲಿ," ಅಂದಳು. "ದವಡೇಲಿ ಒಂದೇ ಮೂಳೆ ಇದೆ. ಇದು ಮೊನ್ನೆ ಮೊನ್ನೆ ಸತ್ತದ್ದು."

"ನಾಟಕಾನಾ?" ಪಾಲಿಶ್ ನನ್ನತ್ತ ತಿರುಗಿದ. "ನೀನು ಹೇಳಯ್ಯಾ. ಏನು ತಂದಿದ್ದೀಯ?"

ಅಸಲಿ ಅಂದಿದ್ದರೆ ಸಾಕಿತ್ತು. ಹೂವಿನ ಹಾಗೆ ಎತ್ತಿಕೊಂಡು ಹೋಗುತ್ತಿದ್ದ. ಯಾವನದೋ ಕಪಾಟಿನಲ್ಲಾದರೂ ಅದು ಇರುತ್ತಿತ್ತು.

ಇಲಿಯದು ಅಂದರೆ ಇಲ್ಲೇ ಬಿಸಾಡುತ್ತಾನೆ, ಅಷ್ಟರಲ್ಲಿ ಜೀಪು ಬರುತ್ತೆ ಅಂತ ಅವಳು ಕಣ್ಣಲ್ಲೇ ಬೇಡಿಕೊಂಡಳು.

ಮದುವೆಯಾದಂದಿನಿಂದ ಒಮ್ಮೆಯೂ ಅವಳ ಮಾತನ್ನು ಎತ್ತಿಹಿಡಿದವನಲ್ಲ ನಾನು. ಅವತ್ತು ಹಿಡಿದೆ!

"ಅವಳು ಹೇಳಿದ್ದೇ ಸರಿ. ಕಿಟಕಿ ಪಕ್ಕ ಇತ್ತು. ತಂದೆ."

"ನನಗೇ ಇಲಿ ತೋರಿಸ್ತೀರಾ!"

ಬುರುಡೆಯನ್ನು ನೆಲಕ್ಕೆಸೆದ. ಬೂಟು ಎತ್ತಿದ.

"ಬೇಡ!"

ಇಬ್ಬರೂ ಒಟ್ಟಿಗೇ ಕಿರುಚಿದೆವು. ನಾವಿಬ್ಬರೂ ಒಂದೇ ಮಾತಾಡಿದ್ದು ಅದೇ ಮೊದಲು.

ಬೂಟು ಇಳಿಯಿತು. ಸದ್ದೂ ಆಗಲಿಲ್ಲ. ಅಷ್ಟು ಚಿಕ್ಕದು...

ಆಮೇಲಿನದು ನನ್ನ ಕೈಗೆ ಒಗ್ಗಿದ ಕೆಲಸ. ಮೊಣಕೈಯಿಂದ ಹಿಂದಿನವನ ಹೊಟ್ಟೆಗೆ ತಿವಿದೆ, ಪಿಸ್ತೂಲು ಹಾರಿತು. ಪಾಲಿಶ್ ಹೊರಗೆ ಓಡಿದ. ಜೀಪಿನವರ ಕೈಗೇ ಸಿಕ್ಕಿದ.

ತಿರುಗಿ ನೋಡಿದರೆ ಅವಳು ಮಂಡಿಯೂರಿ, ಸೆರಗಿನ ತುದಿಯಿಂದ ನೆಲ ಗುಡಿಸುತ್ತಿದ್ದಳು. ಶೆಡ್ಡಿನ ತುಂಬ ಕಲ್ಲಿನ ಪುಡಿ. ಮೂಳೆ ಯಾವುದು, ಕಲ್ಲು ಯಾವುದು?

"ನಾನು ಹೇಳಿದ್ದನ್ನ ಯಾಕೆ ತರಲಿಲ್ಲ? ಆ ಇಲೀನೇ ಅಸಲಿ ಅಂತ ಹೇಳ್ತಿದ್ದೆ."

"ನಿನ್ನ ಜೀವ ಕಣೇ..."

"ಮತ್ತೆ ನನ್ನ ಸುಳ್ಳಿಗೆ ಯಾಕೆ ಹೂಂ ಅಂದ್ರಿ?"

"ನೀನು ಹೇಳಿದೆ ಅಂತ."

ಅವಳು ಅಳಲಿಲ್ಲ. ಸೆರಗು ಕೊಡವಲೂ ಇಲ್ಲ. ಎದ್ದು, ನನ್ನ ಪಕ್ಕದಲ್ಲೇ ಹಾದು ಬಾಗಿಲ ಕಡೆ ನಡೆದಳು.

"ಬರ್ತೀನಿ ಸರ್."

ಸರ್!

ಡೈನೋಸಾರ್‌ಗಳ ಕಾಲಡಿಯಲ್ಲಿ ಓಡಾಡಿದ ಪ್ರಾಣಿಯ ಬುರುಡೆ ಸ್ವಾಮೀ... ಇಪ್ಪತ್ತು ಕೋಟಿ ವರ್ಷ ಕಲ್ಲಿನೊಳಗೂ ಉಳಿದಿತ್ತು. ಹೆಂಡತಿಯ ಮಾತನ್ನು ಗಂಡ ಒಂದೇ ಒಂದು ಸಲ ಕೇಳಿದ್ದಕ್ಕೆ ಪುಡಿಯಾಯಿತು!