ಕದ್ದು ಹೋಗುವ ದಾರಿ, ಕಡಿದು ಹೋಗುವ ದಾರಿ

"ಆ ಮುದುಕನ್ನ ಯಾಕೆ ಕಡಿದ್ರಿ?"

ಬಾಂಡುಂಗ್‌ನ ಆ ಪುಟ್ಟ ಗೇಮ್ ಸ್ಟುಡಿಯೋದಲ್ಲಿ ಕಾನಿಯಾಳ ಮೊದಲ ದಿನ ಅದು. ಮಾಲೀಕ ಕಾಂಗ್ ಯಾಯನ್ ಅವಳ ಕೈಗೆ ಕಂಟ್ರೋಲರ್ ಕೊಟ್ಟು, ಮೊದಲು ನಮ್ಮ ಗೇಮ್ ಆಡಿ ನೋಡಿ, ಕೆಲಸದ ಮಾತು ಆಮೇಲೆ ಅಂದಿದ್ದರು. ಉಳಿದವರೆಲ್ಲ ಟೀ ಲೋಟ ಹಿಡಿದು ಅವಳ ಕುರ್ಚಿಯ ಹಿಂದೆ ನಿಂತಿದ್ದರು.

ಗೇಮಿನಲ್ಲಿ ಡಚ್ಚರ ಕಾಲದ ಒಂದು ಟೀ ತೋಟ. ಕಾರ್ಸಿಹ್ ಎಂಬ ಹುಡುಗಿಯ ತಮ್ಮನನ್ನು ತೋಟದ ಸಾಹೇಬ ತನ್ನ ಬಂಗಲೆಯಲ್ಲಿ ಕೂಡಿಹಾಕಿದ್ದಾನೆ. ಅವಳು ಅವನನ್ನು ಬಿಡಿಸಿಕೊಂಡು ಬರಬೇಕು. ಕಾವಲಿನವರ ಕಣ್ಣು ತಪ್ಪಿಸಿ ನೆರಳಲ್ಲಿ ನುಸುಳಿ ಹೋಗಬಹುದು. ಇಲ್ಲವೇ ಸೊಂಟದ ಮಚ್ಚು ತೆಗೆದು ಅಡ್ಡ ಬಂದವರನ್ನು ಕಡಿದುಕೊಂಡು ಹೋಗಬಹುದು. ಆಡುವವರ ಇಷ್ಟ.

ಕಾನಿಯಾ ಗೇಟಿನಿಂದಲೇ ಮಚ್ಚು ಎತ್ತಿದಳು. ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ, ಲಾಟೀನು ಹಿಡಿದು ಅಡುಗೆಮನೆಯ ಹತ್ತಿರ ಕೂತಿದ್ದ ಮುದುಕನೂ ಬಿದ್ದ. ಹಿಂದೆ ನಿಂತವರು ಸಿಳ್ಳೆ ಹಾಕಿದರು. ಆಗಲೇ ಆ ಪ್ರಶ್ನೆ ಬಂದದ್ದು, ಮೆತ್ತನೆಯ ದನಿಯಲ್ಲಿ.

ತಿರುಗಿ ನೋಡಿದಳು. ಎತ್ತರದ ಆಳು, ಅಗಲ ಭುಜ, ಆದರೆ ಗೋಡೆಗೆ ಅಂಟಿಕೊಂಡ ಹಾಗೆ ನಿಂತಿದ್ದ. ತೋಗಾರ್. ಗೇಮಿನ ಕಥೆ, ಕೋಣೆ, ದಾರಿಗಳನ್ನೆಲ್ಲ ಕಟ್ಟಿದವನು.

"ಅವನ ಹೆಸರು ಪಾಕ್ ಸರ್ಮಾ," ಅಂದ. "ನೀವು ಸುಮ್ನೆ ಹೋಗಿದ್ರೆ ಹಿಂದಿನ ಬಾಗಿಲು ತೆಗೀತಿದ್ದ."

"ಕೈಗೆ ಮಚ್ಚು ಕೊಟ್ಟೋರು ನೀವೇ. ಆಮೇಲೆ ಕಡಿದೆ ಅಂತ ಬೈಯೋದೂ ನೀವೇನಾ?"

"ಕೊಟ್ಟಿದ್ದನ್ನ ಉಪಯೋಗಿಸಲೇಬೇಕು ಅಂತ ಇಲ್ಲವಲ್ಲ."

ಕಾನಿಯಾಳ ಕಿವಿ ಬಿಸಿಯಾಯಿತು. ಹೊಡೆದಾಟದ ಭಾಗ ಮಾಡುವುದಕ್ಕೇ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಹಟ ಹಿಡಿದು ಕೊನೆಯವರೆಗೂ ಕಡಿದುಕೊಂಡೇ ಹೋದಳು. ಬಾಗಿಲು ಒದ್ದಳು. ಒಳಗಿದ್ದ ತಮ್ಮ ರಕ್ತ ಮೆತ್ತಿದ ಅಕ್ಕನನ್ನು ನೋಡಿದ. ಅವಳು ಕೈ ಚಾಚಿದಳು. ಅವನು ಹಿಂದೆ ಹಿಂದೆ ಸರಿದು, ಕಿಟಕಿ ಹಾರಿ, ಟೀ ಗಿಡಗಳ ನಡುವೆ ಓಡಿಹೋದ. ಪರದೆ ಕಪ್ಪಾಯಿತು.

ಕದ್ದು ಹೋದವರಿಗೆ ಏನಾಗುತ್ತೆ ಅಂತ ಕೇಳಿದಳು. ಅಕ್ಕ ತಮ್ಮ ಕೈ ಹಿಡಿದುಕೊಂಡು ಮನೆಗೆ ಹೋಗ್ತಾರೆ ಅಂದರು ಯಾರೋ.

"ಅಂದ್ರೆ ಎದುರು ನಿಂತು ಬಡಿದಾಡಿದೋಳು ರಾಕ್ಷಸಿ. ಬೆಕ್ಕಿನ ಹಾಗೆ ಗೋಡೆ ಸವರ್ಕೊಂಡು ಹೋದೋಳು ಒಳ್ಳೆ ಹುಡುಗಿ. ಇದನ್ನ ಬರೆದೋರು ಯಾರು?"

"ನಾನೇ," ಅಂದ ತೋಗಾರ್.

"ಗೊತ್ತಾಯ್ತು."

ಅಲ್ಲಿಂದ ಶುರುವಾದ ಜಗಳ ನಿಲ್ಲಲೇ ಇಲ್ಲ. ಅವಳು ಮಚ್ಚಿನ ಏಟಿಗೆ ಭಾರ ತುಂಬಿದರೆ ಅವನು ಬೇಲಿಗೆ ಇನ್ನೊಂದು ನೆರಳು ಸೇರಿಸುವನು. ಅವಳು ಕಾವಲಿನವರನ್ನು ಹೆಚ್ಚಿಸಿದರೆ ಅವನು ಅವರಿಗೆ ನಿದ್ದೆ ಬರಿಸುವನು. ಮೆದುಮಾತಿಗೆ ಹೆಸರಾದ ಸುಂದಾ ಜನರ ಹುಡುಗಿ ಕೂಗಾಡೋದು, ಗಟ್ಟಿ ಗಂಟಲಿಗೆ ಹೆಸರಾದ ಬತಾಕ್ ಜನರ ಗಂಡಸು ಪಿಸುಗುಟ್ಟೋದು! ಹುಟ್ಟಿದಾಗ ಆಸ್ಪತ್ರೆಯಲ್ಲಿ ನಿಮ್ಮಿಬ್ಬರನ್ನ ಅದಲುಬದಲು ಮಾಡಿರಬೇಕು ಅಂತ ಚಿತ್ರ ಬರೆಯುವ ವೆನಿಂಗ್ ರೇಗಿಸುತ್ತಿದ್ದಳು.

ಕಾನಿಯಾಳಿಗೆ ಅವನ ಮೇಲೆ ಸಿಟ್ಟು ಬರಲು ಇನ್ನೊಂದು ಕಾರಣವಿತ್ತು. ಅವನು ಒಳ್ಳೆಯದನ್ನೂ ಕದ್ದೇ ಮಾಡುತ್ತಿದ್ದ. ಅವಳ ಕುರ್ಚಿಯ ಮುರಿದ ಚಕ್ರ ಒಂದು ಬೆಳಿಗ್ಗೆ ತಾನಾಗಿ ಸರಿಹೋಗಿತ್ತು. ಶೀತವಾದ ದಿನ ಮೇಜಿನ ಮೇಲೆ ಬಿಸಿ ಶುಂಠಿ ಕಷಾಯ ಬಂದು ಕೂತಿತ್ತು. ಕೇಳಿದರೆ ಅವನು ಪರದೆಯಿಂದ ಮುಖ ಎತ್ತುತ್ತಿರಲಿಲ್ಲ.

'ಮಾಡಿದೋನು ನಾನೇ ಅಂತ ಹೇಳೋಕೆ ಏನು ಕಷ್ಟ ಇವನಿಗೆ?' ಅಂದುಕೊಂಡಳು. ಕಷಾಯ ಮಾತ್ರ ಪೂರ್ತಿ ಕುಡಿದಳು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಎಲ್ಲರೂ ಊಟಕ್ಕೆ ಹೋದರು. ಇವರಿಬ್ಬರು ಹೊರಗಿನ ಮೆಟ್ಟಿಲ ಮೇಲೆ ಚಿರೆಂಗ್ ಅನ್ನುವ ಕರಿದ ತಿಂಡಿಯ ಪೊಟ್ಟಣ ಮಧ್ಯೆ ಇಟ್ಟುಕೊಂಡು ಕೂತರು. ಕದ್ದು ಹೋಗೋದನ್ನ ಕಂಡ್ರೆ ನಿಮಗ್ಯಾಕೆ ಅಷ್ಟು ದ್ವೇಷ ಅಂತ ತೋಗಾರ್ ಕೇಳಿದ. ಜಗಳದ ದನಿಯಲ್ಲಿ ಅಲ್ಲ. ತಿಳಿಯುವ ಆಸೆಯಿಂದ ಕೇಳಿದ.

ಯಾರಿಗೂ ಹೇಳದಿದ್ದುದನ್ನು ಅವಳು ಅವನಿಗೆ ಹೇಳಿದಳು.

ಅವಳ ಅಪ್ಪ ಹೊಡೆಯುತ್ತಿದ್ದ. ಮನೆಯ ನೆಲ ಮರದ ಹಲಗೆಯದು. ಅಪ್ಪ ಮಲಗಿರುವಾಗ ಎಬ್ಬಿಸಬಾರದೆಂದು ಅಮ್ಮ ಅವಳ ಕೈ ಹಿಡಿದು ನಡೆಯುವುದನ್ನು ಕಲಿಸಿದ್ದಳು. ಅಂಚಲ್ಲಿ ನಡಿ ಮಗಾ, ನಡುವಿನ ಹಲಗೆ ಕಿರುಗುಡುತ್ತೆ. ಬಾಲ್ಯವೆಲ್ಲ ಹಾಗೇ ಗೋಡೆಯ ಪಕ್ಕದಲ್ಲೇ ಕಳೆಯಿತು. ಒಂದು ದಿನ ಅಮ್ಮನ ತುಟಿ ಒಡೆದು ರಕ್ತ ಬಂದಾಗ ಹುಡುಗಿ ಅಡುಗೆಮನೆಯ ಅರೆಯುವ ಗುಂಡುಕಲ್ಲು ಹಿಡಿದು, ನಡುವಿನ ಹಲಗೆಯ ಮೇಲೆ ಧಡಧಡ ನಡೆದು ಅಪ್ಪನ ಮುಂದೆ ನಿಂತಳು. ಒಂದು ಏಟು ಅವನ ಮೊಣಕೈಗೆ ಬಿತ್ತು. ಅವನು ಮನೆ ಬಿಟ್ಟು ಹೋದವನು ಮತ್ತೆ ಬರಲಿಲ್ಲ.

"ಅಮ್ಮ ಸಂತೋಷಪಟ್ಟಿರಬೇಕು," ಅಂದ ತೋಗಾರ್.

"ಅಮ್ಮ ಅವತ್ತಿಂದ ನನಗೆ ಹೆದರ್ತಾಳೆ," ಅಂದಳು ಕಾನಿಯಾ. "ಈಗ್ಲೂ ನನ್ನ ಮುಂದೆ ಟೀ ಇಟ್ಟು ಕೈ ಬೇಗ ಹಿಂದಕ್ಕೆ ಎಳ್ಕೊಳ್ತಾಳೆ. ನಿಮ್ಮ ಗೇಮಿನ ಹುಡುಗನ ಹಾಗೆ."

ತೋಗಾರ್‌ನ ಮುಖ ಬಿಳುಚಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಬಂತು, ಊಟಕ್ಕೆ ಹೋದವರೂ ಬಂದರು. ಅವನು ಎದ್ದು ಒಳಗೆ ಹೋದ.

ಆ ಮಧ್ಯಾಹ್ನದಿಂದ ಅವರು ಒಬ್ಬರನ್ನೊಬ್ಬರು ನೀವು ಅನ್ನುವುದನ್ನು ಬಿಟ್ಟರು. ಜಗಳ ಮೊದಲಿನಷ್ಟೇ ಇತ್ತು. ಆದರೆ ಅವನು ಬಾರದ ದಿನ ಸ್ಟುಡಿಯೋ ಖಾಲಿ ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು.

ಗೇಮನ್ನು ಹೊರತರಲು ಆಸಕ್ತಿಯಿದ್ದ ಕಂಪನಿಯವರು ಜಕಾರ್ತಾದಿಂದ ನೋಡಲು ಬಂದರು. ದೊಡ್ಡ ಪರದೆ ಹಾಕಿದ್ದರು. ತೋಗಾರ್ ಬಾಗಿಲ ಬಳಿ ನಿಂತು ಪರದೆ ಬಿಟ್ಟು ಕಾನಿಯಾಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಹುಟ್ಟುಹಬ್ಬದ ಉಡುಗೊರೆ ಬಚ್ಚಿಟ್ಟವನ ಕಾತರವಿತ್ತು.

ಗೇಮ್ ಶುರುವಾಯಿತು. ಹೊಸ ದೃಶ್ಯ. ಪುಟ್ಟ ಕಾರ್ಸಿಹ್, ಮರದ ನೆಲ, ಒಳಕೋಣೆಯಲ್ಲಿ ಗೊರಕೆ. ತಾಯಿ ಮಗಳ ಕೈ ಹಿಡಿದು ಬಗ್ಗಿ ಹೇಳುತ್ತಾಳೆ: "ಅಂಚಲ್ಲಿ ನಡಿ ಮಗಾ, ನಡುವಿನ ಹಲಗೆ ಕಿರುಗುಡುತ್ತೆ."

ಕಾನಿಯಾ ತೋಗಾರ್ ಕಡೆ ತಿರುಗಿದಳು.

ಜಕಾರ್ತಾದ ಹೆಂಗಸು ಕಣ್ಣೊರೆಸಿಕೊಂಡು ಅದ್ಭುತ ಅಂದಳು. ಕಾಂಗ್ ಯಾಯನ್ ಬೀಗಿದರು. ಕಾನಿಯಾ ಎದ್ದು ಹೋಗಿ ಪರದೆಯ ವೈರು ಕಿತ್ತಳು.

"ಇದು ನನ್ನಮ್ಮನ ಮಾತು," ಅಂದಳು. "ನಾನು ನಿನಗೆ ಹೇಳಿದ್ದು ತೋಗಾರ್. ಇವರಿಗಲ್ಲ. ಇದನ್ನ ಇಲ್ಲಿ ತಂದು ಹರಡು ಅಂತ ನಿನಗೆ ಯಾರು ಹೇಳಿದ್ರು?"

"ಕಾನಿಯಾ, ಕೊನೆವರೆಗೂ ನೋಡು…"

"ಕಳ್ಳ," ಅಂದಳು. ಹೆಲ್ಮೆಟ್ ತೆಗೆದುಕೊಂಡು ಹೊರಟುಹೋದಳು.

ಚಿಮಾಹಿ ಊರಿನ ತನ್ನ ಮನೆಯಲ್ಲಿ ಅಮ್ಮ ಏನೂ ಕೇಳಲಿಲ್ಲ. ಕಾನಿಯಾ ಪಾತ್ರೆಗಳನ್ನು ಕುಕ್ಕಿದಳು, ತೋಗಾರ್‌ನ ನಂಬರನ್ನು ಬ್ಲಾಕ್ ಮಾಡಿದಳು, ಕಾಂಗ್ ಯಾಯನ್‌ಗೆ ಇನ್ನು ಬರೋದಿಲ್ಲ ಅಂತ ಸಂದೇಶ ಕಳಿಸಿದಳು. ಕದಿಯೋದರಲ್ಲೂ ಎಷ್ಟು ನಯ ಅವನದು! ಪಕ್ಕ ಕೂತು, ಚಿರೆಂಗ್ ತಿಂದು, ಮೆತ್ತಗೆ ಕೇಳಿ ತೆಗೆದುಕೊಂಡ. ಸಿಟ್ಟಿನ ಅಡಿಯಲ್ಲಿ ಇನ್ನೊಂದು ನೋವಿತ್ತು. ಅವನಿಲ್ಲದೆ ಜಗಳಕ್ಕೂ ಯಾರೂ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ವೆನಿಂಗ್ ಮನೆಗೆ ಬಂದಳು. ಅಂದು ನೀನು ಹೋದ ಮೇಲೆ ಏನಾಯ್ತು ಗೊತ್ತಾ ಅಂತ ಶುರು ಮಾಡಿದಳು. ಜಕಾರ್ತಾದವರು ಆ ದೃಶ್ಯ ಇದ್ದರೆ ಮಾತ್ರ ಒಪ್ಪಂದ ಅಂದರಂತೆ. ಅದು ಯಾರ ಮನೆಯ ಕಥೆ ಅಂತ ಯಾರಿಗೆ ತಿಳಿಯುತ್ತೆ, ಇರಲಿ ಬಿಡು ಅಂತ ಕಾಂಗ್ ಯಾಯನ್ ಬೇಡಿಕೊಂಡರಂತೆ. ಆಗ ತೋಗಾರ್ ಇಲ್ಲ ಅಂತ ಕೂಗಿದನಂತೆ. ಬೀದಿಯ ಬತಾಗೋರ್ ತಿಂಡಿ ಗಾಡಿಯವನು ತಲೆಯೆತ್ತಿ ನೋಡುವಷ್ಟು ಜೋರಾಗಿ. ಎಲ್ಲರ ಮುಂದೆ ಆ ದೃಶ್ಯವನ್ನು ಅಳಿಸಿ ಎದ್ದು ಹೋದವನು ಮತ್ತೆ ಕೆಲಸಕ್ಕೆ ಬಂದಿಲ್ಲ.

ಕಾನಿಯಾ ಕರಗುತ್ತಾಳೆ ಅಂತ ವೆನಿಂಗ್ ಅಂದುಕೊಂಡಿದ್ದಳು.

"ಅಳಿಸಿಬಿಟ್ಟನಾ?" ಕಾನಿಯಾ ಎದ್ದು ನಿಂತಳು. "ನನ್ನ ಕೇಳ್ದೆ ಹಾಕಿದ. ಈಗ ನನ್ನ ಕೇಳ್ದೆ ಅಳಿಸಿದ."

ಬೈಕು ಏರಿ ನೇರ ಅವನ ಬಾಡಿಗೆ ಕೋಣೆಯಿದ್ದ ಮನೆಗೆ ಹೋದಳು. ಒಡತಿ ಬು ಹಾಜಿ ಜಗಲಿಯಲ್ಲಿ ಕೂತು ಅಲಸಂದೆ ಕಾಯಿ ಮುರಿಯುತ್ತಿದ್ದರು. ಗಂಡುಮಕ್ಕಳ ಕೋಣೆಗೆ ಹೆಣ್ಣುಮಕ್ಕಳು ಹೋಗೋ ಹಾಗಿಲ್ಲ, ಮಾತಿದ್ರೆ ಇಲ್ಲೇ ನನ್ನೆದುರೇ ಆಡಿ ಅಂದರು. ಆಗಲಿ, ಎಲ್ಲರಿಗೂ ಕೇಳಿಸಲಿ ಅಂದಳು ಕಾನಿಯಾ.

ತೋಗಾರ್ ಹೊರಬಂದ. ಗಡ್ಡ ಬೆಳೆದಿತ್ತು. ಕ್ಷಮಿಸು ಅಂತ ಗೊಣಗಿದ.

"ಕೇಳಿಸಲಿಲ್ಲ."

"ಕ್ಷಮಿಸು," ಅಂದ ಗಟ್ಟಿಯಾಗಿ. "ನಿನ್ನ ಕೇಳಬೇಕಿತ್ತು. ಕೇಳಿದ್ರೆ ಬೇಡ ಅಂತೀಯ ಅಂತ ಹೆದರಿ, ಗುಟ್ಟಾಗಿ ಮಾಡಿ ತೋರ್ಸೋಣ ಅಂದ್ಕೊಂಡೆ. ತಪ್ಪು ನಂದೇ. ಆ ದೃಶ್ಯದ ಜೊತೆ ಕೊನೆಯನ್ನೂ ಬದಲಾಯಿಸಿದ್ದೆ ಕಾನಿಯಾ. ಅಕ್ಕ ಮಚ್ಚು ಹಿಡಿದು ಬಂದ್ರೂ ಹುಡುಗ ಓಡೋದಿಲ್ಲ. ಅದನ್ನ ನೀನು ನೋಡ್ಲಿ ಅಂತ…"

"ಮೊದಲು ಯಾಕೆ ಓಡಿಸಿದ್ದೆ? ನನ್ನಂಥೋರಿಗೆ ಬುದ್ಧಿ ಕಲಿಸೋಕಾ?"

ಅವನು ಜಗಲಿಯ ಕಂಬ ಹಿಡಿದುಕೊಂಡ.

"ನಾನು ಓಡಿದ್ದೆ. ಅದಕ್ಕೆ."

ಆಮೇಲೆ ನಿಧಾನವಾಗಿ ತನ್ನ ಊರಿನ ಕಥೆ ಹೇಳಿದ. ಮೇದಾನ್‌ನ ಬಸ್ ನಿಲ್ದಾಣದಲ್ಲಿ ಅವನ ತಾಯಿಯ ತಿಂಡಿ ಅಂಗಡಿ. ಒಬ್ಬ ಕುಡುಕ ರೌಡಿ ಪುಟ್ಟ ತೋಗಾರ್‌ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಅಕ್ಕ ತಿಯುರ್ಮಾ ಶಾಲೆಯಿಂದ ಬಂದವಳು ಸೌದೆ ಎತ್ತಿಕೊಂಡು ಅವನು ಬೀಳುವವರೆಗೂ ಬಡಿದಳು. ಅವಳ ಬಿಳಿ ಅಂಗಿಯ ಮೇಲೆ ರಕ್ತ. ಸೌದೆ ಬಿಸಾಡಿ ತಮ್ಮನ ಕಡೆಗೆ ಕೈ ಚಾಚಿದಳು. ಅವನು ಅಂಗಡಿಯ ಬೆಂಚಿನ ಅಡಿ ಸೇರಿಕೊಂಡ. ಅಂದಿನಿಂದ ಅವಳ ಪಕ್ಕ ಮಲಗಲಿಲ್ಲ, ಅವಳ ಕೈಯಿಂದ ಉಣ್ಣಲಿಲ್ಲ. ಅವಳು ಒಂದು ಮಾತೂ ಆಡದೆ ಎಲ್ಲ ನೋಡಿದಳು. ಬೆಳೆದ ಮೇಲೆ ದೂರದ ಬಾತಾಮ್‌ನ ಫ್ಯಾಕ್ಟರಿಗೆ ಹೋದಳು. ಈಗ ಕ್ರಿಸ್‌ಮಸ್‌ಗೊಂದು ಶುಭಾಶಯ, ಅಷ್ಟೇ.

"ಅವಳನ್ನ ರಾಕ್ಷಸಿ ಮಾಡೋಕೆ ಬರೆದಿದ್ದಲ್ಲ. ಆ ಹುಡುಗ ಎಂಥ ಹೇಡಿ ಅಂತ ತೋರ್ಸೋಕೆ ಬರೆದೆ. ಬರೆಯೋಕೂ ಸರಿಯಾಗಿ ಬರಲಿಲ್ಲ ನನಗೆ."

ಕಾನಿಯಾಳಿಗೆ ಟೀ ಲೋಟ ಇಟ್ಟು ಹಿಂದಕ್ಕೆ ಸರಿಯುವ ಅಮ್ಮನ ಕೈ ಕಣ್ಣ ಮುಂದೆ ಬಂತು. ಅಮ್ಮನ ಮುಖದಲ್ಲಿದ್ದದ್ದು ಹೆದರಿಕೆ ಅಂತ ಇಷ್ಟು ವರ್ಷ ನಂಬಿದ್ದಳು. ಅದು ನಾಚಿಕೆಯಾಗಿದ್ದರೆ? ಮಗಳು ಮಾಡಬೇಕಾಗಿ ಬಂದದ್ದನ್ನು ತಾನು ಮಾಡಲಾಗಲಿಲ್ಲ ಅನ್ನುವ ನಾಚಿಕೆ?

ಎದೆ ತುಂಬಿ ಬಂತು. ಅದರ ಜೊತೆ ಹೊಸ ಸಿಟ್ಟೂ ಬಂತು.

"ಇದನ್ನ ನಿನ್ನಕ್ಕನಿಗೆ ಹೇಳಿದ್ದೀಯಾ?"

"ಇಲ್ಲ."

"ಗೇಮ್ ಆಡೋ ಊರವರಿಗೆಲ್ಲ ಹೇಳೋಕೆ ಹೊರಟೆ, ಅವಳೊಬ್ಬಳನ್ನ ಬಿಟ್ಟು. ಫೋನ್ ತೆಗಿ."

ಈಗ ಕೆಲಸದಲ್ಲಿರ್ತಾಳೆ ಅಂದ. ಊಟದ ಹೊತ್ತು, ತೆಗೀತಾಳೆ ಅಂತ ಬು ಹಾಜಿ ಕಾಯಿ ಮುರಿಯುತ್ತಲೇ ಹೇಳಿದರು.

ಫೋನು ರಿಂಗಾಯಿತು. ಆ ಕಡೆಯಿಂದ ಯಂತ್ರಗಳ ಸದ್ದಿನ ನಡುವೆ ಒಂದು ದನಿ, ಗಾಬರಿಯಲ್ಲಿ: "ಏನಾಯ್ತೋ? ಅಮ್ಮ ಹುಷಾರಾಗಿದ್ದಾಳಾ?"

"ಎಲ್ಲ ಹುಷಾರು ಅಕ್ಕಾ," ಅಂದ ತೋಗಾರ್. "ಅವತ್ತು ನಿಲ್ದಾಣದಲ್ಲಿ… ನೀನು ಕೈ ಚಾಚಿದ್ದೆ. ನಾನು ಹಿಡ್ಕೊಳ್ಳಲಿಲ್ಲ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿತು, ಯಂತ್ರಗಳ ಗದ್ದಲ ಸಣ್ಣಗಾಯಿತು.

"ನಿನ್ನ ಸಮಾಧಾನ ಮಾಡೋಕೆ ಅಂತ ಚಾಚಿದ್ದೆ ಅಂದ್ಕೊಂಡ್ಯಾ?" ಅಂದಳು ತಿಯುರ್ಮಾ. "ನನಗೇ ಭಯ ಆಗಿತ್ತು ಕಣೋ. ಯಾರಾದ್ರೂ ನನ್ನ ಕೈ ಹಿಡ್ಕೊಳ್ಳಲಿ ಅನ್ನಿಸಿತ್ತು."

ತೋಗಾರ್ ಜಗಲಿಯ ಕಂಬಕ್ಕೆ ಹಣೆ ಒತ್ತಿ ಅತ್ತ. ಕಾನಿಯಾ ಮುಖ ತಿರುಗಿಸಿಕೊಂಡಳು. ಗುಂಡುಕಲ್ಲು ಹಿಡಿದು ಅಪ್ಪನ ಮುಂದೆ ನಿಂತಾಗ ತನ್ನ ಕಾಲೂ ನಡುಗುತ್ತಿತ್ತು ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಅಕ್ಕ ತಮ್ಮ ಊಟದ ಗಂಟೆ ಮುಗಿಯುವವರೆಗೂ ಮಾತಾಡಿದರು. ಫೋನ್ ಇಟ್ಟಾಗ ಅವನ ಮುಖ ತೊಳೆದ ಹಾಗಿತ್ತು.

ಆ ದೃಶ್ಯ ನಾನೇ ಬರೀತೀನಿ ಅಂದಳು ಕಾನಿಯಾ. ಮೊದಲು ಅಮ್ಮನನ್ನ ಕೇಳ್ತೀನಿ. ಅವಳು ಬೇಡ ಅಂದ್ರೆ ಇಲ್ಲ. ಹೂಂ ಅಂದ್ರೆ ನಾನು ಹೇಳಿದ ಹಾಗೆ ನೀನು ಕಟ್ಟಬೇಕು. ಕದ್ದು ಹೋದೋಳ ಕೈಯನ್ನೂ ಕಡಿದು ಹೋದೋಳ ಕೈಯನ್ನೂ ಕೊನೆಯಲ್ಲಿ ಒಬ್ಬರು ಹಿಡ್ಕೋಬೇಕು. ಜಕಾರ್ತಾದವರು ಬಂದ್ರೆ ಬರ್ಲಿ, ಇಲ್ಲದಿದ್ರೆ ಬೇರೆಯವರು.

ಎಲ್ಲಕ್ಕೂ ತಲೆಯಾಡಿಸಿದ. ಆಮೇಲೆ ನೇರ ಅವಳ ಕಣ್ಣು ನೋಡಿದ.

"ನಾನು ನಿನ್ನ ಪ್ರೀತಿಸ್ತೀನಿ ಕಾನಿಯಾ. ಜಗಳ ಆಡಿದ ಮೊದಲನೇ ದಿನದಿಂದ."

ಈ ಸಲ ಪಿಸುಗುಟ್ಟಲಿಲ್ಲ. ಬು ಹಾಜಿಯ ಕೈ ನಿಂತಿತು. ಒಳಕೋಣೆಯಲ್ಲಿ ಯಾರೋ ರೇಡಿಯೋ ಆರಿಸಿದರು.

ಕಾನಿಯಾಳ ಕಣ್ಣಲ್ಲಿ ಇಷ್ಟು ದಿನ ತಡೆದದ್ದು ಇಳಿಯಿತು. ಒರೆಸಿಕೊಳ್ಳಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತಳು. ಅವನೂ ಬಂದು ಕೂತ. ನಡುವೆ ಸ್ವಲ್ಪ ಜಾಗ ಬಿಡ್ರಪ್ಪಾ ಅಂತ ಬು ಹಾಜಿ ಗದರಿ, ಮುರಿದ ಕಾಯಿ ಎತ್ತಿಕೊಂಡು ಒಳಗೆ ಹೋದರು.

ಅವರು ಹೋದ ಮೇಲೆ ತೋಗಾರ್ ಕೈ ಚಾಚಿದ. ಅವಳು ಹಿಡಿದಳು, ಬಿಗಿಯಾಗಿ, ನೋವಾಗುವಷ್ಟು.

"ಇನ್ನೂ ಸಿಟ್ಟಿದೆಯಾ?"

"ಇದೆ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ," ಅಂದಳು ಕಾನಿಯಾ. "ಜೊತೆಗಿದ್ದು ನೋಡು."