ಏಳನೇ ನಂಬರಿನ ಗದ್ದೆ

ಅವನು ಮೊದಲ ಸಲ ಲ್ಯಾಬಿನ ಬಾಗಿಲಲ್ಲಿ ನಿಂತಾಗ ಅವಳು ತಲೆಯನ್ನೂ ಎತ್ತದೆ, "ಫ್ರಿಜ್ ಆ ಮೂಲೆಯಲ್ಲಿದೆ, ನೋಡಿ" ಅಂದಳು. ಮೂರು ದಿನದಿಂದ ರಿಪೇರಿಯವನ ದಾರಿ ಕಾದು ಅವಳಿಗೆ ಸಾಕಾಗಿಹೋಗಿತ್ತು. ಅವನು ತುಟಿಪಿಟಕ್ಕೆನ್ನದೆ ಹೋಗಿ ಬಾಗಿಲಿನ ರಬ್ಬರ್ ಒರೆಸಿ ಸರಿಯಾಗಿ ಕೂರಿಸಿದ. ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡಿತು.

"ಎಷ್ಟಾಯ್ತು?"

"ಏನೂ ಬೇಡ. ಏಳನೇ ನಂಬರಿನ ಪ್ಯಾಕೆಟ್ ಯಾವಾಗ ಕೊಡ್ತೀರಿ ಹೇಳಿ ಸಾಕು. ನಾನು ಆ ನಂಬರಿನ ಗದ್ದೆಯವನು, ಡಾಕ್ಟ್ರೇ."

ಅವಳ ಕಿವಿ ಬಿಸಿಯಾಯಿತು. "ನಾನು ಡಾಕ್ಟರ್ ಅಲ್ಲ. ಬರೀ ಲ್ಯಾಬ್ ಅಸಿಸ್ಟೆಂಟ್."

"ಆ ಪ್ಯಾಕೆಟ್ಟಿನ ಹುಳಗಳಿಗೆ ಡಾಕ್ಟ್ರೇ ತಾನೇ?"

"ಹುಳ ಅಲ್ಲ, ಬ್ಯಾಕ್ಟೀರಿಯಾ."

"ನೋಡಿ, ತಿದ್ದೋದೂ ಡಾಕ್ಟ್ರ ಹಾಗೇ."

ಮಣ್ಣಿನ ಸ್ಯಾಂಪಲ್ ಕೊಡಲು ಒಂದು ಸಲ ಬಂದರೆ ಸಾಕಿತ್ತು. ಅವನು ನಾಲ್ಕು ಸಲ ಬಂದ. ಬಂದಾಗಲೆಲ್ಲ ಚಿಟಿಕೆ ಮಣ್ಣು ನಾಲಿಗೆಗೆ ತಾಗಿಸಿ, "ಉಪ್ಪು ಆರು" ಅನ್ನುತ್ತಿದ್ದ. ಅವಳು ಉಪ್ಪಳೆಯುವ ಮೀಟರ್ ಅದ್ದಿದರೆ ಅಲ್ಲೂ ಆರು ಚಿಲ್ಲರೆ. ಅವಳು ಮೀಟರಿನಿಂದ ಕಣ್ಣೆತ್ತುವಷ್ಟರಲ್ಲಿ ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಿದ್ದ, ಅದುವರೆಗೆ ಅವಳನ್ನೇ ನೋಡುತ್ತಿದ್ದವನು.

ಕಡಲ ಒಡ್ಡು ಒಡೆದು ಉಪ್ಪುನೀರು ನುಗ್ಗಿದ ಮೇಲೆ ಅವನು ಎರಡು ಬೆಳೆ ಕಳೆದುಕೊಂಡಿದ್ದ. "ಇದೂ ಕೈಕೊಟ್ಟರೆ ಹಡಗಿನ ಕೆಲಸಕ್ಕೆ ಹೋಗೋದೇ" ಎಂದು ನಗುತ್ತಾ ಹೇಳಿದ. ಆ ನಗು ಕಣ್ಣಿನವರೆಗೆ ಬರಲಿಲ್ಲ. ಅವಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಯಾಕೆಂದರೆ ಅವಳಿಗೆ ಒಂದು ವಿಷಯ ಗೊತ್ತಿತ್ತು. ಹನ್ನೆರಡು ಗದ್ದೆ, ಹನ್ನೆರಡು ಪ್ಯಾಕೆಟ್. ಎಲ್ಲದರಲ್ಲೂ ಇದ್ದಿಲ ಪುಡಿ, ಅದರೊಳಗೆ ಉಪ್ಪಿನಲ್ಲೂ ಭತ್ತದ ಬೇರನ್ನು ಕಾಯುವ ಬ್ಯಾಕ್ಟೀರಿಯಾ. ಆದರೆ ಆರನ್ನು ಅವಳೇ ಆವಿಯಲ್ಲಿ ಬೇಯಿಸಿ ಸಾಯಿಸಿಡಬೇಕು. ಬದುಕಿದ್ದಕ್ಕೂ ಸತ್ತದ್ದಕ್ಕೂ ಫಲ ಎಷ್ಟು ಬೇರೆ ಎಂದು ನೋಡುವುದೇ ಪ್ರಯೋಗ. ಯಾರಿಗೆ ಯಾವುದೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದ್ದರು. ಗದ್ದೆಯವರಿಗೆ ಹೇಳುವಂತಿರಲಿಲ್ಲ. ಏಳನೆಯದು ಸತ್ತ ಪ್ಯಾಕೆಟ್.

ಕೊಡುವ ದಿನ ಬೆಳಗ್ಗೆ ಅವಳು ಏಳರ ಸ್ಟಿಕ್ಕರ್ ಕಿತ್ತು ಜೀವವಿದ್ದ ನಾಲ್ಕರ ಪ್ಯಾಕೆಟ್ಟಿಗೆ ಅಂಟಿಸಿದಳು, ನಾಲ್ಕರದ್ದನ್ನು ಏಳಕ್ಕೆ. ಎರಡೇ ನಿಮಿಷದ ಕೆಲಸ. ನಾಲ್ಕನೆಯದು ಯಾರದೆಂದು ಕೇಳುವ ಗೋಜಿಗೂ ಹೋಗಲಿಲ್ಲ, ಪುಣ್ಯಾತ್ಗಿತ್ತಿ.

ನಾಟಿಯಾಗಿ ತಿಂಗಳ ಮೇಲೆ ಸಸಿ ಎಣಿಸಲು ಹೋದಳು, ಅವನೂ ಜೊತೆಗೆ ಬಂದ. ಏಳನೇ ಗದ್ದೆ ಹಸಿರಾಗಿ ತೂಗುತ್ತಿತ್ತು. ಅದರ ಪಕ್ಕದ ಬದುವಿನಾಚೆ ನಾಲ್ಕನೇ ಗದ್ದೆಯಲ್ಲಿ ಎಲೆಗಳ ತುದಿ ಬೆಳ್ಳಗೆ ಸುಟ್ಟು, ಬುಡ ಕೊಳೆತು ಪೈರು ಮಲಗಿತ್ತು. ಬದುವಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು.

"ನಮ್ಮಕ್ಕ" ಅಂದ ಅವನು. "ನಾಲ್ಕು ಅವಳದು. ಭಾವ ಕಡಲಿಗೆ ಹೋದವರು ಬರಲೇ ಇಲ್ಲ. ಎರಡು ಹೆಣ್ಣುಮಕ್ಕಳಿಗೆ ವರ್ಷದ ಅಕ್ಕಿ ಇಲ್ಲಿಂದಲೇ."

ಅಕ್ಕ ಅವಳ ಕಡೆ ತಿರುಗಿದಳು. "ಒಂದೇ ನೀರು, ಒಂದೇ ದಿನ ನಾಟಿ. ನಮ್ಮ ತಮ್ಮನ ಕೈಗುಣ ಒಳ್ಳೇದು. ನಾನು ಎಲ್ಲಿ ತಪ್ಪಿದೆ, ಹೇಳಮ್ಮ."

ಅವಳು ಬಗ್ಗಿ ಸಸಿ ಎಣಿಸತೊಡಗಿದಳು. ಅಕ್ಕ ಮನೆಕಡೆ ಹೋಗುವವರೆಗೆ ಕಾದು ಅವನಿಗೆ ಎಲ್ಲ ಹೇಳಿಬಿಟ್ಟಳು.

ಅವನು ಏಳರ ಹಸಿರನ್ನೂ ನಾಲ್ಕರ ಬಿಳುಪನ್ನೂ ಒಮ್ಮೆ ನೋಡಿದ. "ಯಾಕೆ ಮಾಡಿದ್ರಿ?"

"ನೀವು ಹಡಗಿಗೆ ಹೋಗಬಾರದು ಅಂತ. ನಿಮ್ಮನ್ನ ಬಿಟ್ಟಿರೋಕಾಗಲ್ಲ ಅನ್ನಿಸಿತ್ತು. ನಾಲ್ಕು ನಿಮ್ಮಕ್ಕನದು ಅಂತ ಗೊತ್ತಿರಲಿಲ್ಲ."

"ಬೇರೆ ಯಾರದೋ ಆಗಿದ್ದರೆ ಪರವಾಗಿರಲಿಲ್ವಾ, ಮೇಡಮ್?"

ಡಾಕ್ಟ್ರೇ ಅನ್ನಲಿಲ್ಲ.

ಮರುದಿನ ಅವಳು ಪ್ರಯೋಗ ನಡೆಸುತ್ತಿದ್ದ ಸಾಹೇಬರ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಆ ವರ್ಷದ ಪ್ರಯೋಗವೇ ರದ್ದಾಯಿತು. ಕೊಯ್ಲು ಮುಗಿದ ಮೇಲೆ ಕೆಲಸ ಬಿಡಬೇಕೆಂದರು.

ಕೊಯ್ಲಾದ ವಾರ ಅವನು ಚೀಲ ಹೆಗಲಿಗೇರಿಸಿಕೊಂಡು ಲ್ಯಾಬಿಗೆ ಬಂದ. ಏಳರ ಭತ್ತವನ್ನೆಲ್ಲ ಅಕ್ಕನ ಮನೆಗೆ ಹೊತ್ತು ಹಾಕಿದ್ದ. ತನಗೆಂದು ಒಂದು ಸೇರೂ ಉಳಿಸಿಕೊಂಡಿರಲಿಲ್ಲ.

"ಹಡಗಾ?"

"ಹೂಂ. ಸಂಜೆ ಬಸ್ಸು." ಅವನು ಈ ಸಲ ಕ್ಯಾಲೆಂಡರ್ ನೋಡಲಿಲ್ಲ, ಅವಳನ್ನೇ ನೋಡಿದ. "ನಿಮ್ಮ ಮೇಲೆ ಮನಸ್ಸಿಲ್ಲ ಅಂತಲ್ಲ. ಇದೆ, ಅದಕ್ಕೇ ಕಷ್ಟ. ನನ್ನ ಗದ್ದೆ ನೋಡಿದ್ರೂ ನಿಮ್ಮ ನೆನಪು, ಅಕ್ಕನ ಗದ್ದೆ ನೋಡಿದ್ರೂ ನಿಮ್ಮ ನೆನಪು. ಈ ಊರಲ್ಲಿ ನಾನು ಹೇಗಿರಲಿ, ಡಾಕ್ಟ್ರೇ?"

ಅವಳು ಅಳುತ್ತಲೇ ಫ್ರಿಜ್ ತೆಗೆದು ಒಂದು ಪ್ಯಾಕೆಟ್ ಚಾಚಿದಳು. ಸಾಹೇಬರನ್ನು ಕೇಳಿ ಹೊಸದಾಗಿ ಬೆಳೆಸಿದ್ದು. "ಅಕ್ಕನಿಗೆ ಕೊಡಿ. ಮುಂದಿನ ಬೆಳೆಗೆ."

ಅವನು ಅವಳ ಬೆರಳುಗಳನ್ನು ಪ್ಯಾಕೆಟ್ಟಿನ ಸುತ್ತ ಮಡಚಿ, ಒಂದು ಗಳಿಗೆ ಹಾಗೇ ಹಿಡಿದುಕೊಂಡ. "ನೀವೇ ಕೊಡಿ. ಮುಖ ನೋಡಿ ಕೊಡಿ."

ಬಸ್ಸು ಹೊರಡುವ ಹೊತ್ತಿಗೆ ಅವಳು ಬದುವಿನ ಮೇಲೆ ಅಕ್ಕನ ಎದುರಿಗಿದ್ದಳು. ಸ್ಟಿಕ್ಕರ್ ಬದಲಿಸಿದ್ದನ್ನೆಲ್ಲ ಅಕ್ಕ ಕೇಳಿಸಿಕೊಂಡಳು. ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ ಇಬ್ಬರೂ ಒಟ್ಟಿಗೆ ಆ ಕಡೆ ತಿರುಗಿದರು.

ಆಮೇಲೆ ಅಕ್ಕ ಪ್ಯಾಕೆಟ್ಟನ್ನು ಕೈಗೆ ತೆಗೆದುಕೊಂಡಳು. "ಇದರಲ್ಲಾದರೂ ಜೀವ ಇದೆಯಾ?"

"ಇದೆ, ಅಕ್ಕ" ಅಂದಳು ಅವಳು.