ಊದದ ಸೈರನ್

ಮಂಗಳವಾರ ಬೆಳಿಗ್ಗೆ ಲಾಡಬಿ ಕಲಾದಗಿ ಠಾಣೆಗೆ ಬಂದು ದೂರು ಕೊಟ್ಟಳು. ಆಕೆಯ ಗಂಡ ಫಕ್ರುಸಾಬ ಹಿಂದಿನ ದಿನ ಚಿಕ್ಕು ತೋಟದಲ್ಲಿ ಸತ್ತಿದ್ದ. ಪಕ್ಕದ ಹಣ್ಣಿನ ಶೈತ್ಯಾಗಾರದಿಂದ ಅಮೋನಿಯಾ ಅನಿಲ ಸೋರಿತ್ತು.

"ಅನಿಲ ಬಂದರ ಸೈರನ್ನಿನ ಭೋಂಗಾ ಊದತೈತಿ ಅಂದಿದ್ರು. ಊದಲೇ ಇಲ್ರಿ," ಎಂದಳು.

ಇನ್‌ಸ್ಪೆಕ್ಟರ್ ದಾನೇಶ್ವರಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ನವೀದನೊಂದಿಗೆ ಶೈತ್ಯಾಗಾರಕ್ಕೆ ಹೋದರು. ಸುರಕ್ಷತಾ ಎಂಜಿನಿಯರ್ ಶಹನಾಜ ಕಂಪ್ಯೂಟರಿನಲ್ಲಿ ಸೋಮವಾರದ ನಕ್ಷೆ ತೋರಿಸಿದಳು. ಅನಿಲ ಸೋರಿದ ಕ್ಷಣವೇ ಗಾಳಿಯ ದಿಕ್ಕು, ವೇಗ ನೋಡಿ, ಅದು ಯಾವ ಹೊಲಕ್ಕೆ ಯಾವಾಗ ಮುಟ್ಟುತ್ತದೆ, ಅಲ್ಲಿದ್ದವರ ಉಸಿರಿಗೆ ಎಷ್ಟು ಅಪಾಯ ಎಂದು ಯಂತ್ರ ಲೆಕ್ಕ ಹಾಕಿತ್ತು. ನಕ್ಷೆಯಲ್ಲಿ ಚಿಕ್ಕು ತೋಟ ಕೆಂಪಾಗಿತ್ತು.

"ಓಡಾಕ ಟೈಮ್ ಇತ್ತೇನು?"

"ಸಾಕಷ್ಟಿತ್ತು ಮೇಡಂ. ಸೈರನ್ನಿಗೆ ಇಲ್ಲಿಂದ ಆದೇಶ ಹೋಗೇತಿ. ಅದು ಊದಿಲ್ಲ."

ಸೈರನ್ ನೀರಿನ ಟಾಕಿಯ ಮೇಲಿತ್ತು. ನವೀದ ಏಣಿ ಹತ್ತಿದ. ಸೈರನ್ನಿನ ತಂತಿ ತುಂಡಾಗಿತ್ತು, ಆದರೆ ತಾನಾಗಿ ಹರಿದಿರಲಿಲ್ಲ. ಯಾರೋ ಕತ್ತರಿಸಿ, ಎರಡೂ ತುದಿಗೆ ಟೇಪು ಸುತ್ತಿದ್ದರು. ಟೇಪಿನ ಮೇಲೆ ಧೂಳು ದಪ್ಪಗೆ ಕುಳಿತಿತ್ತು. ಪಂಚರ ಸಮಕ್ಷಮ ಪಂಚನಾಮೆ ಆಯಿತು. ಏಣಿಯ ಗೇಟಿನ ಕೀಲಿ ಎಲೆಕ್ಟ್ರಿಷಿಯನ್ ಪ್ರವೀಣಕುಮಾರನ ಬಳಿ ಮಾತ್ರ ಇರುತ್ತದೆ ಎಂದು ಶಹನಾಜ ಹೇಳಿಕೆ ಕೊಟ್ಟಳು.

ಮಧ್ಯಾಹ್ನ ಅವನನ್ನು ಠಾಣೆಗೆ ಕರೆತಂದರು.

"ತಂತಿ ಕತ್ತರಿಸಿದವರು ಯಾರು?"

"ನಾನ ರೀ."

"ಯಾಕ?"

"ಯುಗಾದಿ ಮುಂದ ಒಂದ್ಸಲ ಊದಿತ್ರಿ. ಸೆನ್ಸರ್ ಕೆಟ್ಟಿತ್ತು, ಅನಿಲ ಸೋರೇ ಇರಲಿಲ್ಲ. ನಮ್ಮವ್ವ ಹೆದರಿ ಓಡಿ, ನೀರಿನ ಕಾಲವಿಗೆ ಬಿದ್ದು ಸತ್ತಳು."

"ಸೆನ್ಸರ್ ಬದಲಿ ಮಾಡ್ಯಾರಲ್ಲ?"

"ಮಾಡ್ಯಾರ. ನನಗ ನಂಬಿಕಿ ಬರಲಿಲ್ಲ. ಮತ್ತ ಯಾರೂ ಸುಳ್ಳಿಗೆ ಓಡಬಾರದು ಅನಿಸ್ತು."

"ಫಕ್ರುಸಾಬ ಗೊತ್ತಿದ್ದನೇನು?"

"ಕಾಲವಿಗೆ ಜಿಗಿದು ನಮ್ಮವ್ವನ್ನ ಹೊರಗ ತಗದಾವ ಅವನ ರೀ," ಎಂದ.

ದಾನೇಶ್ವರಿ ಅದನ್ನೂ ಹೇಳಿಕೆಯಲ್ಲಿ ಬರೆಸಿದರು. ಸಂಜೆ ಬಂಧನದ ವಿಷಯ ತಿಳಿಸಲು ಲಾಡಬಿಯ ಮನೆಗೆ ತಾವೇ ಹೋದರು. ಆಕೆ ಹೆಸರು ಕೇಳಿ ಹೊಸ್ತಿಲ ಮೇಲೆ ಕುಳಿತಳು.

"ಅವ್ವ ಸತ್ತಾಗ ಆ ಹುಡುಗ ಉಣವಲ್ಲ ಅಂತ ನಮ್ಮನಿಯವರೇ ದಿನಾ ಬುತ್ತಿ ಒಯ್ತಿದ್ರು ರೀ," ಎಂದಳು.